ಬೆರಳಿಗೆ ಸಿಗದ ತಡೆ

ಪಾವಗಡ
4 ಆಗಸ್ಟ್ 2024

ರೇಣುಕಯ್ಯ ಸರ್ ಅವರಿಗೆ ನಮಸ್ಕಾರ.

ನಾನು ವನಜಾಕ್ಷಿ, ಪಾವಗಡದ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರು. ಬಂದೂಕು ರಿಪೇರಿಗೆ ನೀವೇ ಸರಿ ಅಂತ ಕ್ಲಬ್ಬಿನವರು ಹೇಳಿದ್ದಕ್ಕೆ ನಿಮಗೆ ಮೂರು ಸಲ ಫೋನು ಮಾಡಿದೆ. ಮೂರನೇ ಸಲ ನಿಮ್ಮ ಅಕ್ಕ ಎತ್ತಿಕೊಂಡು, "ಅವನಿಗೆ ಕಿವಿ ಕೇಳಾಕಿಲ್ಲ ಕಣಮ್ಮ, ಕಾಗ್ದ ಬರ್ದಾಕು. ಕಾಗ್ದ ಆದ್ರೆ ಎಲ್ಡು ಸಲ ಓದ್ತಾನೆ" ಅಂದರು. ಹೀಗಾಗಿ ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಕಾಗದ ಬರೆಯಲು ಕೂತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹತ್ತಿರ ಒಂದು ಪಾಯಿಂಟ್ ಟೂಟೂ ಗುರಿ ರೈಫಲ್ ಇದೆ. ಕ್ಲಬ್ಬಿನಲ್ಲಿ ಮಲಗಿ ಹೊಡೆಯುವ ಸ್ಪರ್ಧೆಗೆ ಹತ್ತೊಂಬತ್ತು ವರ್ಷದಿಂದ ಹೋಗುತ್ತಿದ್ದೇನೆ. ಅರುವತ್ತು ಗುಂಡು, ಆರುನೂರು ಅಂಕ. ನನ್ನದು ಐನೂರ ತೊಂಬತ್ತರ ಆಸುಪಾಸು. ಪ್ರತಿ ವರ್ಷ ರಾಜ್ಯ ತಂಡದ ಬಾಗಿಲವರೆಗೆ ಹೋಗಿ, ಒಂದೋ ಎರಡೋ ಅಂಕಕ್ಕೆ ವಾಪಸು ಬರುತ್ತೇನೆ. ನನಗೀಗ ಮೂವತ್ತೇಳು. ಜನವರಿ 12ಕ್ಕೆ ಮತ್ತೆ ಆಯ್ಕೆ ಇದೆ. ಅದೊಂದನ್ನು ಬಿಡಲಾರೆ.

ಟ್ರಿಗ್ಗರು ತುಂಬಾ ಬಿಗಿ, ಎಳೆಯುವಾಗ ಒಳಗೆ ಏನೋ ಕೆರೆದ ಹಾಗಾಗುತ್ತದೆ. ದಯವಿಟ್ಟು ಹಗುರ ಮಾಡಿಕೊಡಿ. ರೈಫಲನ್ನು ಹೊತ್ತು ತರುವುದು ಬೇಡವೆಂದು ಟ್ರಿಗ್ಗರಿನ ಡಬ್ಬವನ್ನಷ್ಟೇ ಬಿಚ್ಚಿ, ಲೈಸೆನ್ಸಿನ ಜೆರಾಕ್ಸ್ ಜೊತೆ ಸ್ಟೀಲ್ ಟಿಫಿನ್ನಿನಲ್ಲಿಟ್ಟು ಕಳಿಸಿದ್ದೇನೆ. ನಮ್ಮೂರಿನಿಂದ ತುಮಕೂರಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಕದಿರಯ್ಯನವರು ಕೊರಟಗೆರೆ ಸ್ಟ್ಯಾಂಡಿನ ಹೂವಿನಂಗಡಿಯಲ್ಲಿ ಕೊಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಇಬ್ಬರೂ ಗಟ್ಟಿಯಾಗಿದ್ದೇವೆ.

ನಿಮ್ಮ ವಿಧೇಯ,
ವನಜಾಕ್ಷಿ

*

ಹೊಳವನಹಳ್ಳಿ
11 ಆಗಸ್ಟ್ 2024

ವನಜಾಕ್ಷಿಗೆ ರೇಣುಕಯ್ಯನ ಆಶೀರ್ವಾದ.

ಸರ್ ಅನ್ನಬೇಡ. ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತೊಂದು ವರ್ಷ ಬೇರೆಯವರಿಗೆ ಆ ಮಾತು ಹೇಳಿ ಸಾಕಾಗಿದೆ. ಅಯ್ಯ ಅಂದರೆ ಸಾಕು.

ಡಬ್ಬ ಬಿಚ್ಚಿದೆ. ನಿನಗಿಂತ ಮುಂಚೆ ಯಾವನೋ ಪುಣ್ಯಾತ್ಮ ಅದಕ್ಕೆ ಅರ ಹಾಕಿದ್ದಾನೆ. ಅವನ ಕೈಗೆ ಕೊಡಲಿ ಕೊಟ್ಟಿದ್ದರೆ ಇನ್ನೂ ನಾಜೂಕಾಗಿ ಮಾಡುತ್ತಿದ್ದ. ಕೊಂಡಿಯ ಅಂಚು ಸವೆದಿತ್ತು, ಸಾಣೆ ಹಿಡಿದು ಸರಿ ಮಾಡಿದ್ದೇನೆ. ಸ್ಪ್ರಿಂಗು ಬದಲಾಯಿಸಿದ್ದೇನೆ. ನಮ್ಮಕ್ಕ ಕರಿಬಸಮ್ಮ ಹುಣಸೆಹಣ್ಣು ಮಾರುತ್ತಾಳೆ. ಅವಳ ತೂಕದ ಕಲ್ಲುಗಳನ್ನು ದಾರದಲ್ಲಿ ಕಟ್ಟಿ ಟ್ರಿಗ್ಗರಿಗೆ ನೇತು ಹಾಕಿ ಅಳೆದೆ. ಮೊದಲಿಗಿಂತ ಅರ್ಧಕ್ಕರ್ಧ ಹಗುರವಾಗಿದೆ. ಕಲ್ಲು ವಾಪಸು ಕೊಡುವವರೆಗೆ ಅವಳು ನನಗೆ ಕಾಫಿ ಕೊಡಲಿಲ್ಲ.

ಇದು ಎರಡು ಹಂತದ ಟ್ರಿಗ್ಗರು. ಗೊತ್ತಿರುತ್ತದೆ, ಆದರೂ ಹೇಳುತ್ತೇನೆ, ಮುದುಕನ ಚಟ. ಮೊದಲು ಸಲೀಸಾಗಿ ಬರುತ್ತದೆ. ಆಮೇಲೆ ಒಂದು ತಡೆ. ಅಲ್ಲಿ ಬೆರಳು ನಿಲ್ಲಬೇಕು, ಉಸಿರು ನಿಲ್ಲಬೇಕು. ತಡೆಯ ಮೇಲೆ ಬೆರಳಿಟ್ಟುಕೊಂಡು ಕಾಯುವುದೇ ಗುರಿಕಾರಿಕೆ. ಅಲ್ಲಿಂದಾಚೆಗಿನದು ಒಂದು ಕೂದಲಿನಷ್ಟು ಕೆಲಸ.

ದುಡ್ಡಿನ ಮಾತು ಗೆದ್ದ ಮೇಲೆ ಆಡು.

ರೇಣುಕಯ್ಯ

*

ಪಾವಗಡ
1 ಸೆಪ್ಟೆಂಬರ್ 2024

ಅಯ್ಯನವರಿಗೆ ನಮಸ್ಕಾರ.

ಕೆರೆತ ಪೂರ್ತಿ ಹೋಗಿದೆ. ಆದರೆ ಆ ತಡೆ ನನಗೆ ಸಿಗುತ್ತಿಲ್ಲ. ಅದನ್ನು ಹುಡುಕುತ್ತಿರುವಾಗಲೇ ಗುಂಡು ಹೋಗಿಬಿಡುತ್ತದೆ. ಹಗುರವಾದದ್ದು ಹೆಚ್ಚಾಯಿತೇನೋ. ತಡೆಯನ್ನು ಗಟ್ಟಿ ಮಾಡಿಕೊಡುತ್ತೀರಾ? ಬೆರಳಿಗೆ ಬಡಿದು ಹೇಳುವ ಹಾಗಿರಬೇಕು.

ಡಬ್ಬ ಮತ್ತೆ ಕಳಿಸಿದ್ದೇನೆ. ಕದಿರಯ್ಯನವರು "ಏನಮ್ಮಾ, ವಾರವಾರ ಅದೇ ಕ್ಯಾರಿಯರು, ಅಲ್ಲಿ ಯಾರಿಗೆ ಊಟ" ಅಂತ ಕೇಳಿದರು. ನಮ್ಮ ಅಯ್ಯನಿಗೆ ಅಂದೆ.

ವನಜಾಕ್ಷಿ

*

ಹೊಳವನಹಳ್ಳಿ
8 ಸೆಪ್ಟೆಂಬರ್ 2024

ವನಜಾಕ್ಷಿ,

ಮೊದಲು ಬಿಗಿ ಅಂದೆ. ಹಗುರ ಮಾಡಿದರೆ ಹಗುರವಾಯಿತು ಅನ್ನುತ್ತೀಯ. ಹನ್ನೆರಡು ಸಲ ಎಳೆದು ನೋಡಿದೆ, ಹನ್ನೆರಡು ಸಲವೂ ತಡೆ ಇದ್ದಲ್ಲೇ ಇದೆ. ನನ್ನ ಕಿವಿ ಹೋಗಿರಬಹುದು, ಬೆರಳು ಹೋಗಿಲ್ಲ. ಅಕ್ಕನ ಕೈಲೂ ಎಳೆಸಿದೆ. ಜನ್ಮದಲ್ಲಿ ಬಂದೂಕು ಮುಟ್ಟದವಳು, "ಇಲ್ಲೇನೋ ತಡೀತದೆ ಕಣ್ಲಾ" ಅಂದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಿಟ್ಟು ಮಾಡಿಕೊಳ್ಳಬೇಡ, ನಾನು ನೋಡಿದ ಗುರಿಕಾರರೆಲ್ಲ ಹೀಗೆಯೇ. ಅಂಕ ಇಳಿದರೆ ಮೊದಲು ಬಂದೂಕಿನ ಮೇಲೆ ಗೂಬೆ ಕೂರಿಸುತ್ತಾರೆ, ಆಮೇಲೆ ಗಾಳಿಯ ಮೇಲೆ.

ಆದರೂ ಕೇಳಿದ್ದಕ್ಕೆ ತಡೆಯನ್ನು ಇನ್ನಷ್ಟು ಗಟ್ಟಿ ಮಾಡಿದ್ದೇನೆ. ದಿನಾ ಖಾಲಿ ರೈಫಲಿನಲ್ಲಿ ಐವತ್ತು ಸಲ ಎಳೆದು ಅಭ್ಯಾಸ ಮಾಡು. ಗುಂಡಿಲ್ಲದೆ ಹೊಡೆದರೆ ಪಾಯಿಂಟ್ ಟೂಟೂವಿನಲ್ಲಿ ಗುಂಡು ಸಿಡಿಸುವ ಸೂಜಿ ನಳಿಗೆಯ ಅಂಚಿಗೆ ಬಡಿದು ಹಾಳಾಗುತ್ತದೆ. ಅದಕ್ಕೆ ಹೊಡೆದ ಹಳೆಯ ತೋಟಾ ಒಳಗಿಟ್ಟುಕೋ.

ರೇಣುಕಯ್ಯ

*

ಪಾವಗಡ
20 ಅಕ್ಟೋಬರ್ 2024

ಅಯ್ಯನವರಿಗೆ,

ಉತ್ತರ ತಡವಾಯಿತು. ಶಾಲೆಯಲ್ಲಿ ದಸರಾ ಕ್ರೀಡಾಕೂಟ ಅಂತ ಓಡಾಟ.

ನೆಲ ಡೊಂಕಿಲ್ಲ ಅಂತ ಒಪ್ಪಿಕೊಂಡಿದ್ದೇನೆ. ದಿನಾ ಐವತ್ತಲ್ಲ, ನೂರು ಸಲ ಎಳೆಯುತ್ತಿದ್ದೇನೆ. ಆದರೂ ಹೋದ ಭಾನುವಾರ ಎರಡು ಗುಂಡು ನನ್ನನ್ನು ಕೇಳದೆ ಹೋದವು. ಒಂದು ಪಕ್ಕದವಳ ಗುರಿಹಲಗೆಗೆ ಬಿತ್ತು. ಪಕ್ಕದವಳು ಗಂಗಾಂಬಿಕಾ ಅಂತ, ಮಧುಗಿರಿಯ ದೊಡ್ಡೇರಿ ಕಡೆಯ ಹುಡುಗಿ, ನಾನೇ ಕಲಿಸಿದವಳು. "ಬಿಡಿ ಮೇಡಂ, ನನ್ನ ಲೆಕ್ಕಕ್ಕೆ ಒಂದು ಜಾಸ್ತಿ ಆಯ್ತು" ಅಂತ ನಕ್ಕಳು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ನಿಮಗೆ ಬೇಜಾರಾಗಿರಬಹುದು. ಇದೊಂದು ಸಲ ನೋಡಿ. ಹಗುರವೋ ಬಿಗಿಯೋ, ನಿಮಗೆ ಸರಿ ಕಂಡ ಹಾಗೆ ಮಾಡಿ. ಇನ್ನು ಕೇಳುವುದಿಲ್ಲ.

ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ.

ವನಜಾಕ್ಷಿ

*

ಹೊಳವನಹಳ್ಳಿ
3 ನವೆಂಬರ್ 2024

ವನಜಾಕ್ಷಿಗೆ ಆಶೀರ್ವಾದ.

ಡಬ್ಬ ಕಳಿಸಿದ್ದೇನೆ. ಈ ಸಲ ಬೇರೆ ರೀತಿ ಮಾಡಿದ್ದೇನೆ. ಹೂವಿನಷ್ಟು ಹಗುರ, ಆದರೆ ತಡೆ ಎದ್ದು ಕಾಣುವ ಹಾಗೆ. ಎಳೆದು ನೋಡಿ ಹೇಗಿದೆ ಅಂತ ತಪ್ಪದೆ ಬರೆ. ಇದ್ದದ್ದು ಇದ್ದ ಹಾಗೆ ಬರೆ.

ಹಬ್ಬದ ಕರಿಗಡುಬು ನಾಲ್ಕು ಅಕ್ಕ ಮೇಲಿನ ಬಟ್ಟಲಲ್ಲಿ ಇಟ್ಟಿದ್ದಾಳೆ.

ರೇಣುಕಯ್ಯ

*

ಪಾವಗಡ
10 ನವೆಂಬರ್ 2024

ಪ್ರೀತಿಯ ಅಯ್ಯನವರಿಗೆ,

ನಿಮ್ಮ ಕೈಗೆ ದೊಡ್ಡ ನಮಸ್ಕಾರ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿದೆ. ಬೆರಳಿಟ್ಟರೆ ಸಾಕು, ತಡೆ ತಾನಾಗಿ ಬಂದು ನಿಲ್ಲುತ್ತದೆ. ಇವತ್ತು ಐನೂರ ಎಂಬತ್ತೆಂಟು ಬಂತು! ಇಷ್ಟು ಹಗುರದ ಟ್ರಿಗ್ಗರನ್ನು ನಾನು ಈವರೆಗೆ ಎಳೆದಿರಲಿಲ್ಲ. ಇನ್ನು ಇದನ್ನು ಮುಟ್ಟುವುದೇ ಬೇಡ, ಜನವರಿವರೆಗೆ ಹೀಗೇ ಇರಲಿ.

ಕರಿಗಡುಬಿಗೆ ಅಮ್ಮ ಗಂಗಲಕ್ಷ್ಮಮ್ಮ ನಿಮ್ಮ ಅಕ್ಕನಿಗೆ "ಶಾನಾ ಬಾಗುಂದಿ" ಅಂತ ಹೇಳಲು ಹೇಳಿದಳು. ನಮ್ಮ ಕಡೆ ಖುಷಿಯಾದರೆ ತೆಲುಗು ಬರುತ್ತದೆ.

ನಿಮ್ಮ ವನಜಾಕ್ಷಿ

*

ಹೊಳವನಹಳ್ಳಿ
17 ನವೆಂಬರ್ 2024

ತಾಯಿ ವನಜಾಕ್ಷಿ,

ನಿನ್ನ ಕಾಗದವನ್ನು ಎರಡು ಸಲವಲ್ಲ, ಹತ್ತು ಸಲ ಓದಿದೆ. ಹೇಗೆ ಹೇಳುವುದೋ ತಿಳಿಯದು, ನೇರ ಹೇಳುತ್ತೇನೆ.

ನಾನು ಅದನ್ನು ಹಗುರ ಮಾಡಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿದ್ದ ಅತಿ ಗಟ್ಟಿ ಸ್ಪ್ರಿಂಗು ಹಾಕಿದ್ದೆ. ಮೊದಲಿನ ಮೂರರಷ್ಟು ಬಿಗಿ. ತಡೆಯನ್ನೇ ತೆಗೆದು ಹಾಕಿದ್ದೆ. ಆ ಟ್ರಿಗ್ಗರಿನಲ್ಲಿ ಹಿಡಿದು ನಿಲ್ಲಿಸುವ ಜಾಗವೇ ಇಲ್ಲ. ಎನ್.ಸಿ.ಸಿ. ಮಕ್ಕಳ ಕೈಗೆ ಕೊಟ್ಟಿದ್ದರೂ ಒಂದೇ ಎಳೆತಕ್ಕೆ ಬೈದು ವಾಪಸು ಎಸೆಯುತ್ತಿದ್ದರು.

ಯಾಕೆ ಹೀಗೆ ಮಾಡಿದೆ ಅಂದರೆ, ಶಸ್ತ್ರಾಗಾರದಲ್ಲಿ ನಮಗಿದು ಅಭ್ಯಾಸ. ಬಂದೂಕು ಸರಿಯಿಲ್ಲ ಅಂತ ಪದೇ ಪದೇ ತರುವವನಿಗೆ ಕೆಡಿಸಿ ಕೊಟ್ಟು, ಸರಿ ಮಾಡಿದ್ದೇವೆ ಅನ್ನುತ್ತಿದ್ದೆವು. ಚೆನ್ನಾಗಿದೆ ಅಂದರೆ ಅವನ ತಲೆಯಲ್ಲಿ ಹುಳ ಇದೆ ಅಂತ ಲೆಕ್ಕ. ನೀನು ಬೈಯುತ್ತೀಯ, ನಾನು ನಗುತ್ತೇನೆ ಅಂದುಕೊಂಡಿದ್ದೆ. ನೀನು ಹೊಗಳಿದೆ.

ಇದು ತಲೆಯ ಹುಳ ಅಲ್ಲ. ನಿನ್ನ ಅಕ್ಷರ ಆಗಸ್ಟಿನಲ್ಲಿ ಮಲ್ಲಿಗೆ ಮೊಗ್ಗಿನ ಹಾಗಿತ್ತು. ಈಗ ಪೆನ್ನು ಕಾಗದವನ್ನು ಹರಿದಿದೆ. ನಿನ್ನ ಬೆರಳಿಗೆ ಏನಾಗಿದೆ?

ನೆಲ ಡೊಂಕು ಅಂದದ್ದನ್ನು ಮರೆತುಬಿಡು. ನಾಲಿಗೆ ಉದ್ದ ನನಗೆ. ನಾಚಿಕೆಯಾಗಿದೆ.

ಡಬ್ಬ ವಾಪಸು ಕಳಿಸು. ಅದು ಇಲ್ಲಿ ಬರುವವರೆಗೆ ಒಂದು ಗುಂಡನ್ನೂ ತುಂಬಬೇಡ.

ರೇಣುಕಯ್ಯ

*

ಪಾವಗಡ
2 ಡಿಸೆಂಬರ್ 2024

ಅಯ್ಯ,

ಹದಿನೈದು ದಿನ ನಿಮ್ಮ ಮೇಲೆ ಸಿಟ್ಟಿನಲ್ಲಿದ್ದೆ. ಸಿಕ್ಕಿಬಿದ್ದವರಿಗೆ ಬರುವ ಸಿಟ್ಟು ಅದು.

ಹೋದ ಶಿವರಾತ್ರಿಯಿಂದ ಬಲಗೈಯ ತೋರುಬೆರಳು ಸತ್ತಿದೆ. ಮೊದಲು ಜೋಮು ಅಂದುಕೊಂಡೆ. ಒಂದು ದಿನ ಒಲೆಯ ಮೇಲಿನ ತಪಲೆ ಮುಟ್ಟಿದ್ದೇನೆ, ಬೊಬ್ಬೆ ಎದ್ದದ್ದನ್ನು ಅಮ್ಮ ನೋಡಿ ಹೇಳಿದಳು. ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದೆ. ಕತ್ತಿನ ಮೂಳೆ ಒಳಗೊಳಗೇ ಬೆಳೆದು ನರವನ್ನು ಅದುಮಿದೆಯಂತೆ. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್. ಹುಟ್ಟಿದಾಗಿನಿಂದ ಕುಡಿದದ್ದು ಹಲ್ಲಿನಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. ಅಮ್ಮನ ಕತ್ತು ಹತ್ತು ವರ್ಷದಿಂದ ತಿರುಗುವುದಿಲ್ಲ, ಯಾರಾದರೂ ಕರೆದರೆ ಇಡೀ ಮೈ ತಿರುಗಿಸುತ್ತಾಳೆ. ಅದು ವಯಸ್ಸು ಅಂತ ನಾವೆಲ್ಲ ಸುಮ್ಮನಿದ್ದೆವು.

ಹೋದ ಜೀವ ಬೆರಳಿಗೆ ವಾಪಸು ಬರುವುದಿಲ್ಲ ಅಂದರು ಡಾಕ್ಟರು.

ಐನೂರ ಎಂಬತ್ತೆಂಟು ಸುಳ್ಳು. ಬಂದದ್ದು ಐನೂರ ಅರುವತ್ತೊಂದು. ಬಿಗಿಯೋ ಹಗುರವೋ ನನಗೆ ಗೊತ್ತೇ ಆಗಲಿಲ್ಲ. ಇನ್ನೊಂದು ಸಲ ಡಬ್ಬ ಕಳಿಸಿದರೆ ನೀವು ಕಂಡುಹಿಡಿಯುತ್ತೀರಿ ಅಂತ ಹೆದರಿ ಹಾಗೆ ಬರೆದೆ.

ಈಗ ಒಂದು ಕೇಳುತ್ತೇನೆ, ಬೈಯಬೇಡಿ. ಬೆರಳು ಇಡುವ ಜಾಗಕ್ಕೆ ಒಂದು ಮೊನೆ ಕೂರಿಸಿಕೊಡಿ. ಮುಳ್ಳಿನ ಹಾಗೆ. ಆಳದಲ್ಲಿ ಎಲ್ಲೋ ಸ್ವಲ್ಪ ನೋವು ಉಳಿದಿದೆ. ಸೂಜಿ ಒತ್ತಿ ನೋಡಿದ್ದೇನೆ. ರಕ್ತ ಬಂದರೆ ಬರಲಿ. ಜನವರಿ 12ರ ಅರುವತ್ತು ಗುಂಡಿಗೆ ಸಾಕು. ಮಲಗಿ ರೈಫಲಿಗೆ ಕೆನ್ನೆ ಇಟ್ಟಾಗ ಮಾತ್ರ ನಾನು ಯಾರ ಮಗಳೂ ಅಲ್ಲ, ಯಾರ ಟೀಚರೂ ಅಲ್ಲ. ಅಷ್ಟನ್ನು ಒಂದು ಸಲ ಪೂರ್ತಿ ಮಾಡಿ ಎದ್ದುಬಿಡುತ್ತೇನೆ.

ವನಜಾಕ್ಷಿ

*

ಹೊಳವನಹಳ್ಳಿ
8 ಡಿಸೆಂಬರ್ 2024

ತಾಯಿ,

ಮೊನೆ ಕೂರಿಸುವುದಿಲ್ಲ. ನಾನು ಕಟುಕನಲ್ಲ.

ನನ್ನದೂ ಒಂದು ಕೇಳು. ಕೆಲಸಕ್ಕೆ ಸೇರಿ ಒಂಬತ್ತು ವರ್ಷಕ್ಕೇ ನನ್ನ ಕಿವಿ ಹೋಗಲು ಶುರುವಾಗಿತ್ತು. ದಿನಾ ಪರೀಕ್ಷೆಗೆ ಅಂತ ಹೊಡೆದು ಹೊಡೆದು ಹೋಯಿತು. ಇಪ್ಪತ್ತೆರಡು ವರ್ಷ ಸಾಹೇಬರ ತುಟಿ ನೋಡಿಕೊಂಡು ಬದುಕಿದೆ. ಹೇಳಿದ್ದರೆ ಬೇರೆ ಕಡೆ ಹಾಕುತ್ತಿದ್ದರು, ಅರ್ಧ ಕಿವಿಯಾದರೂ ಉಳಿಯುತ್ತಿತ್ತು. ಕೆಲಸ ಬಿಡಲು ಮನಸ್ಸಾಗಲಿಲ್ಲ. ಹಾಗಾಗಿ ನಿನ್ನನ್ನು ಬೈಯುವ ಯೋಗ್ಯತೆ ನನಗಿಲ್ಲ.

ಕಿವಿ ಹೋದ ಮೇಲೆ ಟ್ರಿಗ್ಗರಿನ ಸದ್ದನ್ನು ನಾನು ಹೇಗೆ ಕೇಳುತ್ತೇನೆ ಗೊತ್ತಾ? ಸ್ಕ್ರೂ ಡ್ರೈವರನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಡಬ್ಬಕ್ಕೆ ಒತ್ತುತ್ತೇನೆ. ಕೊಂಡಿ ಕೂತ ಸದ್ದು ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಗೆ ಬರುತ್ತದೆ. ನಿನ್ನೆ ಹಾಗೆ ಕಚ್ಚಿಕೊಂಡು ಕೂತಾಗ ಹೊಳೆಯಿತು. ನಿನ್ನ ಬೆರಳು ಸತ್ತರೇನು, ಕೆನ್ನೆ ಬದುಕಿದೆಯಲ್ಲ. ತಡೆ ಬಂದ ಕೂಡಲೆ ಒಂದು ಉಕ್ಕಿನ ನಾಲಿಗೆ ಒಳಗಿನಿಂದ ಬಡಿಯುವ ಹಾಗೆ ಮಾಡಬಹುದು. ಆ ಪೆಟ್ಟು ಮರದಲ್ಲಿ ಹರಿದು ನಿನ್ನ ಕೆನ್ನೆಯ ಮೂಳೆಗೆ ಬರುತ್ತದೆ. ಬೆರಳು ಕುರುಡಾಗಿ ಎಳೆಯಲಿ, ಕೆನ್ನೆ ನಿಲ್ಲು ಅನ್ನುತ್ತದೆ.

ಮಾಡಿಕೊಡುತ್ತೇನೆ. ಆದರೆ ಮೊದಲು ಒಂದಕ್ಕೆ ಉತ್ತರ ಬೇಕು. ಡಾಕ್ಟರು ಬೆರಳಿನ ವಿಷಯ ಬಿಟ್ಟು ಬೇರೆ ಏನಾದರೂ ಹೇಳಿದ್ದಾರಾ? ಮುಚ್ಚಿಡಬೇಡ.

ರೇಣುಕಯ್ಯ

*

ಪಾವಗಡ
15 ಡಿಸೆಂಬರ್ 2024

ಅಯ್ಯ,

ಬೇರೆ ಏನೂ ಹೇಳಿಲ್ಲ. ಡಬ್ಬ ಇದರ ಜೊತೆಗೇ ಇದೆ.

ನಿಮ್ಮ ಕಾಗದ ಓದಿ ಅತ್ತೆ. ಅಮ್ಮ ಕೇಳಿದ್ದಕ್ಕೆ ಖುಷಿಗೆ ಅಂದೆ, ಅದು ನಿಜವೇ.

ವನಜಾಕ್ಷಿ

*

ಹೊಳವನಹಳ್ಳಿ
29 ಡಿಸೆಂಬರ್ 2024

ತಾಯಿ,

ಹನ್ನೊಂದು ನಾಲಿಗೆ ಕಡೆದೆ, ಹತ್ತು ಮುರಿದವು. ಹನ್ನೊಂದನೆಯದು ನಿಂತಿದೆ. ಮರದ ತುಂಡಿಗೆ ಕಟ್ಟಿ, ಅಕ್ಕನ ಕೆನ್ನೆಗೆ ಒತ್ತಿ ಎಳೆದೆ. "ಯಾರೋ ಬಾಗ್ಲು ತಟ್ದಂಗಾಯ್ತು" ಅಂದಳು. ಇದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿಲ್ಲ, ಇನ್ನು ಮಾಡುವುದೂ ಇಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳುತ್ತಿದ್ದೇನೆ.

ಹದಿನಾಲ್ಕು ದಿನ ಇದೆ. ಕೆನ್ನೆಯನ್ನು ನಂಬು.

ರೇಣುಕಯ್ಯ

*

ಹೊಳವನಹಳ್ಳಿ
19 ಜನವರಿ 2025

ತಾಯಿ,

ಹನ್ನೆರಡನೇ ತಾರೀಖು ಕಳೆದು ಏಳು ದಿನವಾಯಿತು. ಏನಾಯಿತು? ಸೋತಿದ್ದರೂ ಬರೆ. ಸಂಕ್ರಾಂತಿಯ ಎಳ್ಳನ್ನು ಅಕ್ಕ ನಿನಗೆ ಅಂತ ಎತ್ತಿಟ್ಟಿದ್ದಾಳೆ.

ರೇಣುಕಯ್ಯ

*

ಹೊಳವನಹಳ್ಳಿ
9 ಫೆಬ್ರುವರಿ 2025

ವನಜಾಕ್ಷಿ,

ಮೂರು ಸಲ ಕೊರಟಗೆರೆಗೆ ಹೋಗಿ ಬಸ್ಸಿಗೆ ಕಾದೆ. ಕದಿರಯ್ಯ ನನ್ನನ್ನು ನೋಡಿ ಏನೋ ಹೇಳಿದ. ಅವನ ಮೀಸೆಯಲ್ಲಿ ತುಟಿ ಕಾಣುವುದಿಲ್ಲ. ಕೈಯಾಡಿಸಿ ಇಲ್ಲ ಅಂದ. ಏನು ಇಲ್ಲ ಅಂತ ತಿಳಿಯಲಿಲ್ಲ. ಟ್ರಿಗ್ಗರು ಕೈಕೊಟ್ಟಿತಾ? ನನ್ನಿಂದ ತಪ್ಪಾಗಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿಬಿಡು.

ರೇಣುಕಯ್ಯ

*

ಪಾವಗಡ
2 ಮಾರ್ಚ್ 2025

ಅಯ್ಯ,

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಆರು ದಿನದಿಂದ ಸ್ವಲ್ಪ ಸ್ವಲ್ಪ.

ನಿಮ್ಮ ಟ್ರಿಗ್ಗರು ಕೈಕೊಡಲಿಲ್ಲ. ಅರುವತ್ತು ಸಲವೂ ಕೆನ್ನೆ ತಟ್ಟಿತು, ಅರುವತ್ತು ಸಲವೂ ನಾನು ನಿಂತೆ. ಐನೂರ ತೊಂಬತ್ತೆರಡು. ಪಟ್ಟಿಯಲ್ಲಿ ಎರಡನೆಯವಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಆಯ್ಕೆಯ ಗೆರೆಯ ಮೇಲಿತ್ತು.

ಕೊನೆಯ ಗುಂಡಿನ ಮೇಲೆ ಚಾಪೆಯಿಂದ ಏಳಲು ಹೋದೆ, ಕಾಲು ಬರಲಿಲ್ಲ. ನಾನು ಖುಷಿಗೆ ಮಲಗಿ ಅಳುತ್ತಿದ್ದೇನೆ ಅಂದುಕೊಂಡು ಎಲ್ಲರೂ ಚಪ್ಪಾಳೆ ಹೊಡೆದರು. ಗಂಗಾಂಬಿಕಾ ಹತ್ತಿರ ಬಂದು ಎತ್ತಿದಾಗಲೇ ಅವರಿಗೆ ತಿಳಿದದ್ದು.

ನೀವು ಡಿಸೆಂಬರಿನಲ್ಲಿ ಕೇಳಿದ್ದಿರಿ, ಡಾಕ್ಟರು ಬೇರೆ ಏನಾದರೂ ಹೇಳಿದ್ದಾರಾ ಅಂತ. ಹೇಳಿದ್ದರು. ಹೊಟ್ಟೆಯ ಮೇಲೆ ಮಲಗಿ ಕತ್ತನ್ನು ಮೇಲಕ್ಕೆ ಎತ್ತಬೇಡ, ಹಾಗೆ ಹೊಡೆಯುವುದನ್ನು ಇವತ್ತೇ ಬಿಡು, ನರ ಪೂರ್ತಿ ಅದುಮಿದರೆ ಕಾಲು ಹೋಗುತ್ತದೆ ಅಂತ ಬಿಡಿಸಿ ಹೇಳಿದ್ದರು. ಡಿಸೆಂಬರಿನಲ್ಲೇ ಆಪರೇಷನ್ ಆಗಿದ್ದರೆ ಕಾಲಾದರೂ ಉಳಿಯುತ್ತಿತ್ತಂತೆ. ಈಗ ಮಾಡಿದರು, ಏನೂ ಬದಲಾಗಲಿಲ್ಲ. ನಿಮಗೆ ಹೇಳಿದ್ದರೆ ನೀವು ಆ ನಾಲಿಗೆ ಮಾಡಿಕೊಡುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ನಿಮ್ಮದು ತಪ್ಪಿಲ್ಲ. ಇದನ್ನು ಬರೆಯಲೆಂದೇ ಎಡಗೈಯಲ್ಲಿ ಅಕ್ಷರ ಕಲಿತೆ.

ಪಶ್ಚಾತ್ತಾಪ ಇದೆಯಾ ಅಂತ ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಇದೆ. ಕತ್ತು ತಿರುಗದ ಅಮ್ಮ ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುವಾಗ ಪ್ರತಿ ಸಲವೂ ಇದೆ. ನಾನು ಅತ್ತರೆ, "ಯಾಕಮ್ಮಿ ಅಳ್ತೀಯಾ, ನೀನು ಚಿಕ್ಕೋಳಿದ್ದಾಗ ಇಂಗೇ ಎತ್ಕಂತಿದ್ನಲ್ಲಾ" ಅನ್ನುತ್ತಾಳೆ.

ಏಪ್ರಿಲಿನಲ್ಲಿ ತಂಡದ ಶಿಬಿರ. ನನ್ನ ಜಾಗಕ್ಕೆ ಗಂಗಾಂಬಿಕಾಳನ್ನು ತೆಗೆದುಕೊಂಡಿದ್ದಾರೆ. ಒಳ್ಳೆಯ ಹುಡುಗಿ. ನನಗೆ ಅವಳ ಮುಖ ನೋಡಲು ಆಗುತ್ತಿಲ್ಲ, ಬಂದರೆ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಳ್ಳುತ್ತೇನೆ.

ವನಜಾಕ್ಷಿ

*

ಹೊಳವನಹಳ್ಳಿ
9 ಮಾರ್ಚ್ 2025

ತಾಯಿ ವನಜಾಕ್ಷಿ,

ಕಾಗದ ಸಿಕ್ಕಿತು. ಕೊರಟಗೆರೆ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೇ ಓದಿದೆ. ಆಮೇಲೆ ಬಂದ ಎರಡು ಬಸ್ಸನ್ನು ಬಿಟ್ಟೆ.

ತಪ್ಪಿಲ್ಲ ಅಂತ ನೀನು ಬರೆದಿದ್ದೀಯ. ಬೆರಳಿಗೆ ಏನಾಗಿದೆ ಅಂತ ಕೇಳಿದವನು ನಾನು, ಕತ್ತಿನದನ್ನು ಒತ್ತಿ ಕೇಳಲಿಲ್ಲ. ಮಲಗಿದರೆ ಕತ್ತು ಎಲ್ಲಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲವೇ? ಮೂವತ್ತೊಂದು ವರ್ಷ ಮಲಗಿ ಹೊಡೆದವನು. ಹೊಸದು ಹೊಳೆಯಿತು ಅನ್ನುವ ಉಮೇದಿನಲ್ಲಿ, ಬೇರೆ ಏನೂ ಹೇಳಿಲ್ಲ ಅಂತ ನೀನು ಬರೆದ ಒಂದು ಸಾಲನ್ನು ನಂಬಲು ನನಗೂ ಬೇಕಾಗಿತ್ತು.

ಮನೆಗೆ ಬಂದಾಗ ಅಕ್ಕ ನನ್ನ ಕೈಯಲ್ಲಿದ್ದ ಕಾಗದ ನೋಡಿ, ಏನಂತೆ ಅಂತ ಸನ್ನೆ ಮಾಡಿದಳು. ವನಜಾಕ್ಷಿ ಗೆದ್ದಳಂತೆ ಅಂದೆ. ಅವಳು ಒಳಗೆ ಹೋಗಿ ಅಂಗೈಯಲ್ಲಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ತಿಂದೆ.

ರೇಣುಕಯ್ಯ